ಬಾರದ ಗುಳ್ಳೆ

ಹೊನ್ನೂರಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಟೆಸ್ಟ್ ಟ್ಯೂಬಿನ ತಳದಲ್ಲಿದ್ದ ಬಿಳಿ ಪುಡಿಗೆ ನೀರು ಬೆರೆಸಿದ ಆಸಿಡ್ ಹೊಯ್ದು, ಕಣ್ಣು ಕೀಲಿಸಿ ನಿಂತಿದ್ದಳು. ಒಂದಾದರೂ ಗುಳ್ಳೆ ಏಳಬೇಕಲ್ಲ! ಪುಡಿ ಸದ್ದಿಲ್ಲದೆ ಕರಗಿತು, ಅಷ್ಟೇ.

ಅದು ಎಂಬತ್ತೆರಡನೇ ಇಸವಿಯ ಪಿಯುಸಿ ಪ್ರಾಕ್ಟಿಕಲ್ ಪರೀಕ್ಷೆ. ಹೊನ್ನಾಳಿಯ ಆ ಕಾಲೇಜಿನಲ್ಲಿ ಒಂದು ದರಿದ್ರ ಪದ್ಧತಿ ಬೇರೂರಿತ್ತು. ಯಾವ ಲವಣ ಕೊಡುತ್ತೇವೆಂದು ಕೆಮಿಸ್ಟ್ರಿ ಲೆಕ್ಚರರ್ ವಿರೂಪಾಕ್ಷಪ್ಪ ಹಿಂದಿನ ದಿನವೇ ಬಾಯಿಬಿಡುತ್ತಿದ್ದರು. ಹುಡುಗರು ಆಸಿಡ್ ಮುಟ್ಟುವ ಮೊದಲೇ, ಏನೇನು ಕಂಡಿತೆಂದು ಬರೆದು ಮುಗಿಸುತ್ತಿದ್ದರು. ಈ ಸಲ ವಾಷಿಂಗ್ ಸೋಡಾ, ಆಸಿಡ್ ಬಿದ್ದರೆ ಗುಳ್ಳೆ ಏಳುತ್ತವೆ ಎಂದಿದ್ದರು. ಎಲ್ಲರ ಹಾಳೆಯಲ್ಲೂ ಗುಳ್ಳೆಗಳು ಬುಸುಬುಸು ಎದ್ದಿದ್ದವು, ಯಾರ ಟ್ಯೂಬಿನಲ್ಲೂ ಇರಲಿಲ್ಲ. ಒಬ್ಬನಾದರೂ ತಲೆ ಎತ್ತಿ ಕೇಳಬೇಕೇ? ಊಹೂಂ.

ಅವಳೂ ಒಂದು ಸುಳ್ಳು ಸಾಲು ಬರೆದಿದ್ದರೆ ಪಾಸು. ಫೇಲಾದರೆ ಮದುವೆ; ಪಕ್ಕದ ಊರು ಗೋವಿನಕೋವಿಯಲ್ಲಿ ಗಂಡು ಗೊತ್ತಾಗಿತ್ತು. ‘ಪಾಸಾದ್ರೆ ಓದು, ಇಲ್ಲಾಂದ್ರೆ ಹಸೆಮಣಿ’ ಎಂದು ಅಪ್ಪ ಹನುಮಣ್ಣ ಕಡ್ಡಿ ಮುರಿದಂತೆ ಹೇಳಿದ್ದ.

“ಗುಳ್ಳೆ ಬಂದವು ಅಂತ ಬರಿಯೇ. ನಿನಗೊಬ್ಬಳಿಗೇ ಕಣ್ಣು ಐತೇನು?” ವಿರೂಪಾಕ್ಷಪ್ಪ ಹಲ್ಲು ಕಡಿದರು.

“ಬರದೇ ಇದ್ದದ್ದನ್ನ ಹೆಂಗೆ ಬರೀಲಿ ಸಾರ್?”

ಮಾತು ಜೋರಾಗಿದ್ದು ಕೇಳಿ, ದಾವಣಗೆರೆಯಿಂದ ಬಂದಿದ್ದ ಪರೀಕ್ಷಕರು ತಿಪ್ಪೇರುದ್ರಸ್ವಾಮಿ ಎದ್ದು ಬಂದರು.

“ಇದು ಸೋಡಾ ಅಲ್ಲ ಸಾರ್, ಅಡಿಗೆ ಉಪ್ಪು” ಎಂದಳು ಅವಳು. “ನೀರು ಬೆರೆಸದ ಸಲ್ಫ್ಯೂರಿಕ್ ಆಸಿಡ್ ಹಾಕಿದ್ರೆ ಮೂಗಿಗೆ ಹೊಡೆಯೋ ಗ್ಯಾಸ್ ಏಳ್ತೈತೆ. ಅಮೋನಿಯಾದಾಗೆ ಅದ್ದಿದ ಗಾಜಿನ ಕಡ್ಡಿ ಹಿಡಿದ್ರೆ ದಟ್ಟ ಬಿಳಿ ಹೊಗೆ ಬರ್ತೈತೆ. ಬರ್ಲಿಲ್ಲಾಂದ್ರೆ ಫೇಲ್ ಮಾಡ್ರಿ.”

ಬೇರೆ ಟ್ಯೂಬಿಗೆ ಚಿಟಿಕೆ ಪುಡಿ ಹಾಕಿ ಆಸಿಡ್ ಬಿಟ್ಟಳು. ಘಾಟು ಎದ್ದಿತು. ಕಡ್ಡಿ ಹಿಡಿದದ್ದೇ ತಡ, ಬಗ್ಗಿ ನೋಡುತ್ತಿದ್ದ ಪರೀಕ್ಷಕರ ಮುಖಕ್ಕೇ ಬಿಳಿ ಹೊಗೆ ಅಡರಿ, ಅವರು ಕೆಮ್ಮತೊಡಗಿದರು.

ಅಟೆಂಡರ್ ಪಾಪಣ್ಣ ಕೈ ಹೊಸೆದ. “ಸೋಡಾ ಎಲ್ಲಾ ಬಟ್ಟೆ ತೊಳೆಯಾಕೆ ಅಂತ ಮೇಷ್ಟ್ರ ಮನಿಗೆ ಹೋತ್ರೀ. ಜಾಡಿ ಖಾಲಿ ಕಾಣಬಾರದು ಅಂತ ಉಪ್ಪು ತುಂಬಿದ್ದೆ.”

ವಿರೂಪಾಕ್ಷಪ್ಪನವರ ಮುಖ ಹುಳ್ಳಗಾಯಿತು. ಇನ್ನಾದರೂ ನ್ಯಾಯ ಸಿಕ್ಕೀತೆಂದು ಹೊನ್ನೂರಮ್ಮ ಪರೀಕ್ಷಕರತ್ತ ತಿರುಗಿದಳು. ಅವರು ಕೆಮ್ಮುತ್ತಲೇ ದನಿ ತಗ್ಗಿಸಿದರು.

“ಜಾಣೆ ಇದ್ದೀಯಮ್ಮ. ಆದ್ರೆ ಕಾಲೇಜಿನ ಮರ್ಯಾದೆ ಅಂತ ಒಂದು ಐತಲ್ಲ? ಎಲ್ಲರ ಹಾಳೆ ಒಂದೇ ಥರ ಇರ್ಬೇಕು. ನೀನೂ ಗುಳ್ಳೆ ಅಂತ್ಲೇ ಬರಿ, ಪೂರ್ತಿ ಮಾರ್ಕು ಕೊಡ್ತೀನಿ.”

ಅವಳ ಮೈಯೆಲ್ಲ ಉರಿಯಿತು. ಕಣ್ಣಾರೆ ಕಂಡವನೂ ಹೀಗೆ ಹೇಳುವುದಾದರೆ ಈ ಓದಿಗಿಷ್ಟು ಬೆಂಕಿ ಬೀಳಲಿ! ಪೆನ್ನೊತ್ತಿ ದಪ್ಪಕ್ಷರದಲ್ಲಿ ಬರೆದಳು: ‘ಗುಳ್ಳೆ ಬರಲಿಲ್ಲ. ಬಿಳಿ ಹೊಗೆ ಬಂತು. ಪರೀಕ್ಷಕರೂ ನೋಡಿದರು.’

ಹಾಳೆಯನ್ನು ಅವರ ಮುಂದೆ ಹಿಡಿದಳು.

“ಈಗ ಫೇಲ್ ಮಾಡ್ರಿ ಸಾರ್. ಅವಸರ ಇಲ್ಲ, ಕೆಮ್ಮು ನಿಂತ ಮೇಲೇ ಮಾಡ್ರಿ.”