ಎಲ್ಮ್ ಫೋರ್ಕಿನ ನೂರು ಮತಗಳು

ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಆರ್ಡಿಸ್ ಲಿಂಡ್ವಿಗ್, ಕೌಂಟಿ ಎಂಬ ಜಿಲ್ಲಾಡಳಿತ ನಡೆಸುವ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಕೂತು ತೊಂಬತ್ತೊಂದು ವರ್ಷದ ಮಿಸೆಸ್ ಟೋಬಿನ್‌ಗೆ ಓಟ್ಸ್ ಗಂಜಿ ತಿನ್ನಿಸುತ್ತಿದ್ದಳು. ಕಿಟಕಿಯ ಮೇಲಿದ್ದ ರೇಡಿಯೋ ಹಿಂದಿನ ದಿನದ ಚುನಾವಣೆಯ ಸುದ್ದಿ ಹೇಳುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಒಂದು ಸ್ಥಾನಕ್ಕೆ ಮತದಾನ ನಡೆದಿತ್ತು. ಬೇರೆ ವರ್ಷಗಳಲ್ಲಾಗಿದ್ದರೆ ನ್ಯಾಯಾಧೀಶರನ್ನು ಆರಿಸುವುದಕ್ಕೆ ಊರಿನ ಕಾಲು ಭಾಗ ಜನವೂ ಬರುತ್ತಿರಲಿಲ್ಲ. ಈ ಸಲ ಹಾಗಿರಲಿಲ್ಲ. ಸರ್ಕಾರಿ ನೌಕರರ ಸಂಘಗಳ ಹಲ್ಲು ಕಿತ್ತ ಹೊಸ ಕಾನೂನು ಉಳಿಯುವುದೋ ಬೀಳುವುದೋ ಆ ಒಂದು ಸ್ಥಾನದ ಮೇಲೆ ನಿಂತಿದೆ ಎಂದು ಎಲ್ಲರೂ ನಂಬಿದ್ದರು. ಹಾಲಿ ನ್ಯಾಯಮೂರ್ತಿ ಗೆದ್ದರೆ ಕಾನೂನು ಉಳಿಯುತ್ತದೆ, ಎದುರು ನಿಂತ ವಕೀಲೆ ಗೆದ್ದರೆ ಬೀಳುತ್ತದೆ ಎಂಬ ಮಾತು. ಹದಿನೈದು ಲಕ್ಷ ಮತಗಳಲ್ಲಿ ವಕೀಲೆ ಇನ್ನೂರು ಚಿಲ್ಲರೆ ಮತಗಳಿಂದ ಮುಂದಿದ್ದಳು.

ಆಶ್ರಮದ ಆಯಾಗಳು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಆರ್ಡಿಸ್‌ಗೂ ಸಂತೋಷವೇ. ಇಪ್ಪತ್ತಾರು ವರ್ಷ ಇಲ್ಲೇ ದುಡಿದವಳು ಅವಳು. ರೋಗಿಯನ್ನು ಒಬ್ಬಳೇ ಎತ್ತಲು ಹೋಗಿ ಬೆನ್ನಿನ ಎಲುಬು ಜರುಗಿಸಿಕೊಂಡು ಮೂರು ತಿಂಗಳು ಮಲಗಿದ್ದಳು. ಆಮೇಲೆ ಸಂಘದವರು ವರ್ಷಗಟ್ಟಲೆ ಬಡಿದಾಡಿ, ಯಾರನ್ನೇ ಎತ್ತಲಿ ಇಬ್ಬರು ಇರಬೇಕು ಎಂಬ ನಿಯಮವನ್ನು ಒಪ್ಪಂದದಲ್ಲಿ ಬರೆಸಿದ್ದರು. ಹೊಸ ಕಾನೂನು ಜಾರಿಯಾದರೆ ಸಂಬಳ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಸಂಘ ಮಾತಾಡುವಂತಿರಲಿಲ್ಲ.

ರೇಡಿಯೋದವನು ಸುತ್ತಲಿನ ಊರುಗಳ ಫಲಿತಾಂಶ ಓದತೊಡಗಿದ. "ಎಲ್ಮ್ ಫೋರ್ಕ್: ಹಾಲಿ ನ್ಯಾಯಮೂರ್ತಿಗೆ ನೂರ ಎಂಬತ್ತೇಳು, ಎದುರಾಳಿಗೆ ನೂರ ಹನ್ನೆರಡು."

ಚಮಚ ಆರ್ಡಿಸ್‌ಳ ಕೈಯಲ್ಲೇ ನಿಂತಿತು. ಎಲ್ಮ್ ಫೋರ್ಕ್ ಅವಳ ಊರು. ಹನ್ನೊಂದು ವರ್ಷಗಳಿಂದ ಅಲ್ಲಿನ ಮತಗಟ್ಟೆಗೆ ಅವಳೇ ಮುಖ್ಯಸ್ಥೆ. ಎಣಿಸಿದ್ದು, ಹಾಳೆ ತುಂಬಿದ್ದು, ಕೌಂಟಿಗೆ ಫೋನಿನಲ್ಲಿ ಹೇಳಿದ್ದು ಎಲ್ಲಾ ಅವಳೇ. ಓಟು ಹಾಕಿದವರು ನಾನೂರ ಹನ್ನೆರಡು ಜನ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಹದಿಮೂರು ಚೀಟಿ ಖಾಲಿ. ಉಳಿದದ್ದನ್ನು ಮನಸ್ಸಿನಲ್ಲೇ ಕೂಡಿದಳು. ನೂರು ಕಡಿಮೆ ಬಂತು. ಮತ್ತೆ ಕೂಡಿದಳು. ಮಿಸೆಸ್ ಟೋಬಿನ್ ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.

ಮಧ್ಯಾಹ್ನ ಮನೆಗೆ ಬಂದವಳೇ ಚೀಲದಿಂದ ಕಚ್ಚಾ ಲೆಕ್ಕದ ಪುಸ್ತಕ ತೆಗೆದಳು. ಅವಳದೇ ಕೈಬರಹದಲ್ಲಿ ೨೮೭ ಎಂದಿತ್ತು. ಅವಳ ಬಳಿ ಉಳಿದಿದ್ದ ಅಧಿಕೃತ ಹಾಳೆಯ ನಕಲಿನಲ್ಲಿ, ಅದೇ ಕೈಬರಹದಲ್ಲಿ ೧೮೭. ಕೆಳಗೆ ಅವಳ ಸಹಿ, ಮೇಲೆ ಸುಳ್ಳು ಲೆಕ್ಕ ಕೊಟ್ಟರೆ ಜೈಲು ಎಂಬ ಪ್ರಮಾಣವಚನ. ಎಣಿಕೆಗೆ ಜೊತೆಗಿದ್ದ ಇಬ್ಬರು ಮುದುಕರು ದಣಿದು ಓದದೆಯೇ ರುಜು ಹಾಕಿದ್ದರು.

ಆರ್ಡಿಸ್ ಕುರ್ಚಿಯಲ್ಲಿ ಕುಸಿದಳು. ಹದಿನೇಳು ಗಂಟೆ ಕೂತಿದ್ದೆ, ಕಣ್ಣು ಮಂಜಾಗಿತ್ತು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಒಳಗಿನಿಂದ ಇನ್ನೊಂದು ಪ್ರಶ್ನೆ ಎದ್ದು ಬಂತು, ಅದು ಜೈಲಿಗಿಂತ ಹೆಚ್ಚು ಹೆದರಿಸಿತು. ಇದೇ ಕೈ ಫೆಬ್ರವರಿಯ ಹಿಮದಲ್ಲಿ ರಾಜಧಾನಿಯ ಶಾಸನಸಭೆ ಮೆಟ್ಟಿಲ ಮೇಲೆ ಆ ಕಾನೂನಿನ ವಿರುದ್ಧ ಫಲಕ ಹಿಡಿದು ನಿಂತಿತ್ತು. ಆ ನ್ಯಾಯಮೂರ್ತಿಯ ಹೆಸರಿನ ಮುಂದೆ ಎರಡು ಬರೆಯಲು ಅದಕ್ಕೆ ಮನಸ್ಸು ಬರಲಿಲ್ಲವೇ? ತನಗೇ ಗೊತ್ತಾಗದ ಹಾಗೆ ಒಂದು ಬರೆದುಬಿಟ್ಟಿತೇ? ಎಷ್ಟು ಯೋಚಿಸಿದರೂ ಆ ಕ್ಷಣ ನೆನಪಿಗೆ ಬರಲಿಲ್ಲ.

ಗುರುವಾರ ಕೆಲಸಕ್ಕೆ ಹೋದಾಗ ಅವಳು ಕಾಲೀನ್ ರಾಶ್‌ಳನ್ನು ಬಟ್ಟೆ ಒಗೆಯುವ ಕೋಣೆಯ ಹಿಂದೆ ಕರೆದೊಯ್ದಳು. ಕಾಲೀನ್ ಸಂಘದ ಪ್ರತಿನಿಧಿ, ಇಪ್ಪತ್ತು ವರ್ಷಗಳಿಂದ ಗೆಳತಿ. ಆರ್ಡಿಸ್ ಹಾಸಿಗೆ ಹಿಡಿದಾಗ ಮೂರು ತಿಂಗಳು ತಲೆ ಬಾಚಿದವಳೂ ಅವಳೇ. ವಿಷಯ ಕೇಳಿ ಕಾಲೀನ್ ಸಿಗರೇಟು ಹೊತ್ತಿಸಿದಳು.

"ಯಾರಾದ್ರೂ ಕೇಳಿದ್ರಾ ನಿನ್ನ?"

ಇಲ್ಲ ಎಂದಳು ಆರ್ಡಿಸ್.

"ಹಾಗಾದ್ರೆ ನೀನ್ಯಾಕೆ ಹೋಗಿ ತಲೆ ಕೊಡ್ತೀಯ ಮಾರಾಯ್ತಿ? ನಾಳೆ ಕೌಂಟಿಯಲ್ಲಿ ಹಾಳೆಗಳನ್ನಷ್ಟೇ ತಾಳೆ ನೋಡ್ತಾರೆ, ಯಾರೂ ಆಕ್ಷೇಪ ಎತ್ತದಿದ್ರೆ ಚೀಟಿ ಎಣಿಸಲ್ಲ. ವಕೀಲೆ ಕಡೆಯಿಂದ ನಾನೇ ಕೂರ್ತೀನಿ. ನಾನಂತೂ ಬಾಯಿ ಬಿಡಲ್ಲ. ಮುದುಕರನ್ನ ಎತ್ತಿ ಹಾಳಾದ ನಮ್ಮ ಆಯಾ ಮಾರ್ಲಿಸ್‌ಳ ಭುಜ ನೋಡಿದ್ದೀಯಲ್ಲ? ನಿನ್ನ ಬೆನ್ನು? ನಾಳೆ ಬರೋ ಹುಡುಗೀರು ಒಬ್ಬೊಬ್ರೇ ಎತ್ತಬೇಕಾ? ಆ ನೂರು ಓಟು ಅವರ ಸೊಂಟ ಕಣೇ."

ಆರ್ಡಿಸ್‌ಗೆ ಅದು ಸುಳ್ಳು ಎನ್ನಿಸಲಿಲ್ಲ. ಅದಕ್ಕೇ ಇನ್ನಷ್ಟು ಭಯವಾಯಿತು. ಕೆಲಸ ಮುಗಿಸಿ ಕಾರಿನ ಬಳಿ ಬಂದರೆ ಗಾಜಿನ ಒರೆಸುಕಡ್ಡಿಗೆ ಒಂದು ಚೀಟಿ ಸಿಕ್ಕಿಸಿತ್ತು. ಎಣಿಸಿದವರ ಹೆಸರು ನಮಗೆ ಗೊತ್ತು ಎಂದಷ್ಟೇ ಅದರಲ್ಲಿತ್ತು. ಯಾವ ಕಡೆಯವರದು ಎಂದು ತಿಳಿಯುವಂತಿರಲಿಲ್ಲ. ಕಾರುಗಳ ಸಾಲಿನಲ್ಲಿ ಯಾರೂ ಕಾಣಲಿಲ್ಲ. ಅವಳು ಒಳಗೆ ಕೂತು ನಾಲ್ಕೂ ಬಾಗಿಲಿನ ಚಿಲಕ ಹಾಕಿಕೊಂಡಳು.

ಮನೆಯೆದುರಿನ ಅಂಚೆಪೆಟ್ಟಿಗೆ ಹತ್ತಿರ ಗೆರಿಟ್ ವೀನ್‌ಸ್ಟ್ರಾ ನಿಂತಿದ್ದ. ರಸ್ತೆಯಾಚೆಯ ಹೈನುಗಾರ. ಆರ್ಡಿಸ್‌ಳ ಗಂಡ ಸತ್ತ ಮೇಲೆ ಆರು ಚಳಿಗಾಲ ಅವಳ ಅಂಗಳದ ಹಿಮವನ್ನು ಅವನೇ ಬಳಿದು ಕೊಟ್ಟಿದ್ದ. ಅವಳು ಪ್ರತಿಭಟನೆಗೆ ಹೋದಳೆಂದು ತಿಳಿದ ದಿನದಿಂದ ಅವನ ಟ್ರ್ಯಾಕ್ಟರ್ ಈ ಕಡೆ ತಿರುಗಿರಲಿಲ್ಲ. ನಾಳೆ ಕೌಂಟಿಯಲ್ಲಿ ನ್ಯಾಯಮೂರ್ತಿಯ ಪರವಾಗಿ ತಾನು ಕೂರುವುದಾಗಿ ಅವನು ಹೇಳಿದ. ಎಲ್ಲೋ ಮೋಸ ನಡೆದಿದೆ, ಹಿಡಿದೇ ಹಿಡಿಯುತ್ತೇವೆ, ಸಿಕ್ಕಿಬಿದ್ದವರನ್ನು ಒಳಗೆ ಹಾಕಿಸದೆ ಬಿಡುವುದಿಲ್ಲ ಎಂದ. ಅವಳ ಮುಖ ಬಿಳಿಚಿಕೊಂಡದ್ದು ತನ್ನ ಸಿಟ್ಟಿಗೆ ಹೆದರಿ ಎಂದು ತಿಳಿದು ದನಿ ತಗ್ಗಿಸಿದ.

"ನಿನ್ನ ಮೇಲೆ ನಂಗೆ ದ್ವೇಷ ಇಲ್ಲ ಆರ್ಡಿಸ್. ವಾರಕ್ಕೆ ಏಳು ದಿನ ಹಾಲು ಕರೀತೀನಿ. ನನ್ನ ಹೆಂಡ್ತಿ ಹಲ್ಲು ನೋವು ಅಂತ ಎರಡು ವರ್ಷದಿಂದ ಒಂದೇ ಕಡೆ ಅಗೀತಾಳೆ. ನಮಗೆ ಇನ್ಶೂರೆನ್ಸ್ ಇಲ್ಲ, ನಮ್ಮ ತೆರಿಗೇಲಿ ನಿಮಗಿದೆ. ಇದು ಸರೀನಾ ಅಂತ ಕೇಳಿದ್ರೆ ನಾನು ಕೆಟ್ಟವನಾ?"

ಅಲ್ಲ ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಪರದೆ ಎಳೆದಳು. ಫೋನು ಎರಡು ಸಲ ಬಡಿದುಕೊಂಡಿತು, ಎತ್ತಲಿಲ್ಲ.

ಶುಕ್ರವಾರ ರಜೆ ಹಾಕಿ ಕೌಂಟಿ ಕಚೇರಿಗೆ ಹೊರಟವಳು ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಲು ಜಾಗವಿತ್ತು. ಆಗ ಒಂದು ಮಾತು ಮಾತ್ರ ಅವಳಿಗೆ ಸ್ಪಷ್ಟವಾಯಿತು. ಮಂಗಳವಾರ ಆ ಕೈ ಏನನ್ನು ಬಯಸಿತ್ತೋ ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಆದರೆ ಇವತ್ತು ಸುಮ್ಮನಿದ್ದರೆ ಅದಕ್ಕೆ ಏನೆನ್ನುತ್ತಾರೆಂದು ಗೊತ್ತು. ಆ ಹಾಳೆ ಪರಿಶೀಲನೆಯ ಮೇಜನ್ನು ದಾಟಿ ಹೋಗುವ ತನಕ ಅದು ತಪ್ಪು. ಆಮೇಲೆ ಕಳವು. ಅವಳು ಗೇರು ಹಾಕಿದಳು. ಭಯವೇನೂ ಕಡಿಮೆಯಾಗಿರಲಿಲ್ಲ.

ನೆಲಮಾಳಿಗೆಯ ಕೋಣೆಯಲ್ಲಿ ಚುನಾವಣೆ ನೋಡಿಕೊಳ್ಳುವ ಕೌಂಟಿ ಗುಮಾಸ್ತೆ ಪರಿಶೀಲನಾ ಮಂಡಳಿಯ ಇಬ್ಬರು ಸದಸ್ಯರ ಜೊತೆ ಮೇಜಿನ ಹಿಂದೆ ಕೂತಿದ್ದಳು. ಒಂದು ಪಕ್ಕ ಕಾಲೀನ್, ಇನ್ನೊಂದು ಪಕ್ಕ ಗೆರಿಟ್. ಆರ್ಡಿಸ್ ಒಳಗೆ ಬಂದದ್ದು ಕಂಡ ಕೂಡಲೇ ಕಾಲೀನ್ ತಲೆ ತಗ್ಗಿಸಿದಳು.

"ನನ್ನ ಹಾಳೇಲಿ ತಪ್ಪಾಗಿದೆ," ಎಂದಳು ಆರ್ಡಿಸ್. ಕಚ್ಚಾ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ನ್ಯಾಯಮೂರ್ತಿಗೆ ನೂರು ಓಟು ಕಡಿಮೆ ಬರೆದಿದ್ದೀನಿ."

ಗುಮಾಸ್ತೆ ಎಲ್ಮ್ ಫೋರ್ಕಿನ ಚೀಲದ ಮೊಹರನ್ನು ಎಲ್ಲರಿಗೂ ತೋರಿಸಿ ಒಡೆದಳು. ಚೀಟಿಗಳನ್ನು ಇಪ್ಪತ್ತೈದರ ಕಟ್ಟುಗಳಾಗಿ ಜೋಡಿಸಿ ಎಣಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಆರ್ಡಿಸ್ ನಿಂತೇ ಇದ್ದಳು, ಕೂರಿ ಎಂದು ಯಾರೂ ಹೇಳಲಿಲ್ಲ. ಇನ್ನೂರ ಎಂಬತ್ತೇಳು ಬಂತು.

ಗೆರಿಟ್ ಎದ್ದು ನಿಂತ. ಇದೊಂದೇ ತಪ್ಪೋ, ಹನ್ನೊಂದು ವರ್ಷದಲ್ಲಿ ಇನ್ನೆಷ್ಟಿವೆಯೋ ಎಂದು ಕೇಳಿದ. ಈಕೆ ರಾಜಧಾನಿಗೆ ಹೋಗಿ ಕೂಗಿದವಳು, ಇವಳು ತಪ್ಪು ಮಾಡುವಾಗ ಅಂಕಿ ಇವಳ ಕಡೆಗೇ ಯಾಕೆ ಬಾಗಬೇಕು ಎಂದ. ಬೇಕಂತಲೇ ತಿದ್ದಿದ್ದು ಎಂದು ದಾಖಲೆಯಲ್ಲಿ ಬರೆದು ಪೊಲೀಸರಿಗೆ ಕಳಿಸಬೇಕು ಎಂದ. ಅದೇ ಪ್ರಶ್ನೆಯನ್ನು ಎರಡು ದಿನದಿಂದ ಆರ್ಡಿಸ್‌ಳೂ ಕೇಳಿಕೊಳ್ಳುತ್ತಿದ್ದಳು.

ಗುಮಾಸ್ತೆ ಇನ್ನೊಂದು ಪಕ್ಷದ ಅಭಿಪ್ರಾಯ ಕೇಳಿದಳು.

"ನಿನ್ನೆ ಇವಳು ನನ್ನ ಹತ್ರ ಬಂದು ಹೇಳಿದ್ಲು," ಎಂದಳು ಕಾಲೀನ್. "ಸುಮ್ಮನಿರು ಅಂದಿದ್ದು ನಾನು. ಬರ್ಕೊಳ್ಳೋದಾದ್ರೆ ಅದನ್ನೂ ಬರ್ಕೊಳ್ಳಿ. ನಾನು ಬೇಡ ಅಂದ್ರೂ ಬಂದಿದ್ದಾಳೆ. ಇನ್ನೂರ ಎಂಬತ್ತೇಳನ್ನ ನಾನು ಒಪ್ತೀನಿ."

ಗೆರಿಟ್ ಕಾಲೀನ್‌ಳನ್ನೂ ಆರ್ಡಿಸ್‌ಳನ್ನೂ ನೋಡಿದ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. "ಬರೆಯುವಾಗಿನ ತಪ್ಪು ಅಂತ ಹಾಕಿ," ಎಂದ, ಯಾರ ಮುಖವನ್ನೂ ನೋಡದೆ.

ಆ ನೂರು ಮತಗಳಿಂದ ಏನೂ ತೀರ್ಮಾನವಾಗಲಿಲ್ಲ. ಬೇರೊಂದು ಕಡೆ ಎಣಿಕೆಗೆ ಸೇರದೆ ಉಳಿದಿದ್ದ ಸಾವಿರಾರು ಮತಗಳು ಸಿಕ್ಕಿ ನ್ಯಾಯಮೂರ್ತಿ ಗೆದ್ದ, ಕಾನೂನು ಉಳಿಯಿತು. ಆಶ್ರಮದ ಒಪ್ಪಂದ ಮುಗಿದ ದಿನ ಇಬ್ಬರು ಎತ್ತುವ ನಿಯಮವೂ ಹೋಯಿತು. ಸಂಘದವರು ಕಾಲೀನ್‌ಳನ್ನು ಪ್ರತಿನಿಧಿ ಸ್ಥಾನದಿಂದ ಇಳಿಸಿದರು. ಊಟದ ಹೊತ್ತಿಗೆ ಆರ್ಡಿಸ್‌ಳ ಮೇಜಿಗೆ ಯಾರೂ ಬರುತ್ತಿರಲಿಲ್ಲ, ಕಾಲೀನ್ ಕೂಡ. ಮನೆಗೆ ಇನ್ನೂ ಎರಡು ಹೆಸರಿಲ್ಲದ ಚೀಟಿಗಳು ಬಂದವು. ಆ ಇಡೀ ಬೇಸಿಗೆ ಅವಳು ಪರದೆಯ ಸಂದಿನಿಂದ ರಸ್ತೆ ನೋಡಿಕೊಂಡೇ ಅಂಚೆಪೆಟ್ಟಿಗೆಗೆ ಹೋಗುತ್ತಿದ್ದಳು.

ಮರುವರ್ಷ ಮಾರ್ಚಿನಲ್ಲಿ ಎಲ್ಮ್ ಫೋರ್ಕಿನ ಮತಗಟ್ಟೆಗೆ ಜನ ಬೇಕೆಂದು ಪ್ರಕಟಣೆ ಬಂತು. ಬೈಸಿಕೊಳ್ಳುವ ಕೆಲಸಕ್ಕೆ ಯಾರು ಬರುತ್ತಾರೆ? ಒಂದು ಶನಿವಾರ ಹಗಲು ತರಬೇತಿಗೆಂದು ಆರ್ಡಿಸ್ ಪಂಚಾಯಿತಿ ಕಟ್ಟಡಕ್ಕೆ ತನ್ನ ಹೆಸರು ಬಿಟ್ಟರೆ ಪಟ್ಟಿ ಖಾಲಿ ಎಂದುಕೊಂಡೇ ಬಂದಿದ್ದಳು. ಒಳಗೆ ಗೆರಿಟ್ ಮಡಿಸುವ ಕುರ್ಚಿಗಳನ್ನು ಬಿಡಿಸುತ್ತಿದ್ದ. ಹತ್ತು ನಿಮಿಷದ ಮೇಲೆ ಕಾಲೀನ್ ಬಂದಳು. ಪಕ್ಕದ ಊರಿನವಳಾದರೂ ಕೌಂಟಿಯ ಮತದಾರಳಾದ್ದರಿಂದ ಅವಳಿಗೂ ಅರ್ಹತೆಯಿತ್ತು. ಕೋಟು ತೆಗೆದು ಆರ್ಡಿಸ್‌ಳ ಪಕ್ಕದ ಕುರ್ಚಿಯಲ್ಲಿ ಕೂತಳು.

ಅಭ್ಯಾಸಕ್ಕೆಂದು ಕೊಟ್ಟ ಹಾಳೆಯ ಮೇಲೆ ಆರ್ಡಿಸ್ ಪೆನ್ನು ಊರಿದಳು. ಮೊದಲ ಅಂಕಿಯ ಜಾಗದಲ್ಲಿ ಒಂದು ಚುಕ್ಕೆಯಷ್ಟೇ ಮೂಡಿತು. ಈ ಸಲ ಬೇರೆ ಯಾರಾದರೂ ಬರೆಯಲಿ ಎಂದು ಅವಳು ಹಾಳೆಯನ್ನು ಕಾಲೀನ್ ಕಡೆ ಸರಿಸಿದಳು.

ಕಾಲೀನ್ ಅದನ್ನು ಹಿಂದಕ್ಕೆ ತಳ್ಳಿದಳು. "ನೀನೇ ಬರಿ," ಎಂದಳು. "ಬರೆಯೋ ಮುಂಚೆ ಅಂಕಿ ಜೋರಾಗಿ ಹೇಳು. ನಾನು ಕೇಳಿಸ್ಕೋತೀನಿ. ಅವನೂ ಕೇಳಿಸ್ಕೊಳ್ಳಲಿ."

ಗೆರಿಟ್ ತನ್ನ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡ. ಆರ್ಡಿಸ್ ಮೊದಲ ಅಂಕಿ ಹೇಳಿದಳು, ಇಬ್ಬರೂ ತಲೆಯಾಡಿಸುವವರೆಗೆ ಕಾದಳು, ಆಮೇಲೆ ಬರೆದಳು.