ಸೂಕ್ಷ್ಮದರ್ಶಕದ ಗೆಜ್ಜೆವಸ್ತ್ರ

ಮಾರೇನಹಳ್ಳಿಯ ಆ ಸಣ್ಣ ಕಣ್ಣಾಸ್ಪತ್ರೆಯ ಹಿರಿಯ ದಾದಿ ಪುಟ್ಟಲಕ್ಷ್ಮಿಯವರಿಗೆ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವೆಂದರೆ ಸಾಕ್ಷಾತ್ ದೇವರು. ವಿಜಯದಶಮಿಯ ಮರುದಿನ, ಯಂತ್ರಗಳ ಕೋಣೆಗೆ ರಾಸಾಯನಿಕ ಮಂಜು ಹಾಯಿಸಿ ರೋಗಾಣುಗಳನ್ನು ನೀಗಿಸಲು ತಂತ್ರಜ್ಞೆ ರಾಗಿಣಿ ಬಂದಳು. ಹೂವು, ಬಟ್ಟೆ, ಹತ್ತಿ ಯಾವುದೂ ಒಳಗಿರಬಾರದು, ಅವು ಮಂಜನ್ನು ಹೀರಿಬಿಡುತ್ತವೆ ಎಂದು ಮೊದಲೇ ಎಚ್ಚರಿಸಿದಳು. ಪುಟ್ಟಲಕ್ಷ್ಮಿ ಆಯುಧಪೂಜೆಯ ಹಾರಗಳನ್ನೆಲ್ಲ ತೆಗೆದರು. ಆದರೆ ದೇವರನ್ನು ಬರಿಮೈಯಲ್ಲಿ ನಿಲ್ಲಿಸಲು ಮನಸ್ಸೊಪ್ಪದೆ, ಹತ್ತಿಯ ಗೆಜ್ಜೆವಸ್ತ್ರವೊಂದನ್ನು ಮಾತ್ರ ಹಿಂಬದಿಯಲ್ಲಿ ಉಳಿಸಿದರು.

ಎರಡು ಗಂಟೆಯ ಬಳಿಕ ಬಾಗಿಲು ತೆರೆದಾಗ, ಅವಳು ಅಲ್ಲಲ್ಲಿ ಅಂಟಿಸಿದ್ದ, ಮಂಜು ತಾಗಿದರೆ ಬೆಳ್ಳಗಾಗಬೇಕಿದ್ದ ಪರೀಕ್ಷಾಪಟ್ಟಿಗಳಲ್ಲಿ ಸೂಕ್ಷ್ಮದರ್ಶಕದ ಹಿಂದಿನದು ನೇರಳೆಯಾಗಿಯೇ ಇತ್ತು. ಹಾಗೇ ಬಿಟ್ಟರೆ ನಾಳಿನ ಒಂಬತ್ತು ಶಸ್ತ್ರಚಿಕಿತ್ಸೆಗಳೂ ನಿಲ್ಲುತ್ತಿದ್ದವು.

ರಾಗಿಣಿ ಗೆಜ್ಜೆವಸ್ತ್ರವನ್ನು ಬೆರಳ ತುದಿಯಲ್ಲೆತ್ತಿ, “ಆಂಟಿ, ಈ ಮೆಷೀನಿಗೂ ಚಳಿ ಆಗತ್ತಾ?” ಎಂದಳು.

“ಎಸಿ ಹದಿನೆಂಟಕ್ಕಿಟ್ಟಿರ್ತಾರೆ ಕಣಮ್ಮ. ನಮಗೇ ನಡುಕ ಬರತ್ತೆ, ಅದಕ್ಕೆ ಬರಲ್ವಾ?”

“ಹಾಗಾದ್ರೆ ಒಂದು ಸ್ವೆಟರ್ರೇ ಹೆಣೀಬೇಕಿತ್ತು!”

ಪುಟ್ಟಲಕ್ಷ್ಮಿಯವರ ಮುಖ ಸಣ್ಣದಾಯಿತು. “ಇನ್ನೊಂದ್ಸಲ ಮಾಡ್ತೀಯಾ? ತಪ್ಪು ನಂದೇ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ.”

ಎರಡನೆಯ ಸುತ್ತು ಮುಗಿದಾಗ ಪಟ್ಟಿಗಳೆಲ್ಲ ಬೆಳ್ಳಗಾಗಿದ್ದವು. ರಾಗಿಣಿ ತಲೆಯಾಡಿಸಿದ್ದೇ ತಡ, ಪುಟ್ಟಲಕ್ಷ್ಮಿ ಮೊದಲ ರೋಗಿಗೆ ಫೋನ್ ಮಾಡಿ ಬಲು ಗತ್ತಿನಿಂದ ಹೇಳಿದರು: “ನಾಳೆ ಏಳಕ್ಕೆ ತಲೆಗೆ ಸ್ನಾನ ಮಾಡ್ಕೊಂಡು ಬನ್ನಿ. ಮೈಮೇಲೆ ದಾರ, ತಾಯತ ಏನೂ ಇರಬಾರದು. ದೇವರದ್ದಾದ್ರೂ ಅಷ್ಟೇ, ಬಿಚ್ಚಿಟ್ಟೇ ಬರಬೇಕು!”