ನೀರು ಕುಡಿಯದ ಡ್ರೈವರ್

ಬಚ್ಚಲಮನೆಯ ಬಾಗಿಲು ಕಂಡರೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಬೇಕಾದರೆ ನನ್ನನ್ನು ನೋಡಿ. ನಗಬೇಡಿ ಮಾತ್ರ. ರಾತ್ರಿಯೆಲ್ಲ ದೂರದೂರಿನ ಬಸ್ಸು ಓಡಿಸಿದವನು ನಾನು. ಮಂಜಿನಲ್ಲಿ ರಸ್ತೆಯೇ ಕಾಣದಿದ್ದಾಗಲೂ, ಎದುರಿನ ಲಾರಿಯವನು ತೂಕಡಿಸುತ್ತ ನನ್ನ ಕಡೆಗೇ ನುಗ್ಗಿದಾಗಲೂ ನನ್ನ ಕೈ ನಡುಗಿದ್ದಿಲ್ಲ. ಅಂಥವನಿಗೆ ಈಗ ಮೂತ್ರಕ್ಕೆ ಹೋಗಬೇಕೆಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ.

ಪ್ರಾಸ್ಟೇಟ್ ಅನ್ನುವ ಗ್ರಂಥಿ ಊದಿಕೊಂಡು ಮೂತ್ರದ ದಾರಿಯನ್ನೇ ಅಮುಕಿ ಹಿಡಿದಿತ್ತು. ಆಪರೇಷನ್ ಮಾಡಿದರು. ಹೊರಗೆ ಎಲ್ಲೂ ಕುಯ್ಯಲಿಲ್ಲ, ಒಳಗಿನಿಂದಲೇ ಹೆರೆದು ತೆಗೆದರು. ಆಮೇಲೆ ಮೂತ್ರ ಹೋಗಲು ಟ್ಯೂಬು ಹಾಕಿ, ಮಂಚದ ಪಕ್ಕ ಒಂದು ಚೀಲ ನೇತುಹಾಕಿದರು. ಅದರ ಸುಖ ಅನುಭವಿಸಿದವರಿಗೇ ಗೊತ್ತು. ಮಗ್ಗುಲಾದರೆ ಎಳೆತ, ಕೆಮ್ಮಿದರೆ ಉರಿ. ಅದನ್ನು ತೆಗೆದು ಮನೆಗೆ ಕಳಿಸುವ ದಿನ ಡಾಕ್ಟರು ಭಾರ ಎತ್ತಬೇಡಿ, ನೀರು ಚೆನ್ನಾಗಿ ಕುಡಿಯಿರಿ ಅಂದರು. ನಡುವೆ ಕೆಂಪಗೆ ಹೋದರೆ ಗಾಬರಿಯಾಗದೆ ನೀರು ಇನ್ನೂ ಜಾಸ್ತಿ ಮಾಡಿ, ಕಟ್ಟಿಕೊಂಡರೆ ಮಾತ್ರ ತಕ್ಷಣ ಬನ್ನಿ ಅಂತಲೂ ಅಂದರಂತೆ. ಆ ಹೊತ್ತಿಗೆ ನಾನು ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆ. ಕೇಳಿಸಿಕೊಂಡವಳು ನನ್ನ ಹೆಂಡತಿ.

ಮೊದಮೊದಲು ರಾಜನ ಹಾಗಿದ್ದೆ. ವರ್ಷಗಳ ಕಾಲ ತೊಟ್ಟಿಕ್ಕುತ್ತಿದ್ದದ್ದು ಈಗ ಸರಾಗವಾಗಿ ಹೋಗುತ್ತಿತ್ತು. ಆ ಖುಷಿಯನ್ನು ಯಾರಿಗೆ ಹೇಳಲಿ? ಸೀಟಿಗೆ ಫೋನು ಮಾಡಿದೆ. ಅವನು ನನ್ನ ಬಸ್ಸಿನ ಕಂಡಕ್ಟರ್. ಪೀಪಿ ಮುಟ್ಟದೆ ಬಾಯಲ್ಲೇ ಸೀಟಿ ಹೊಡೆದು ಗಾಡಿ ಬಿಡಿಸುತ್ತಿದ್ದ, ಹಾಗಾಗಿ ಡಿಪೋ ತುಂಬಾ ಅವನಿಗೆ ಅದೇ ಹೆಸರು.

"ಲೋ ಸೀಟಿ, ಹೈವೇ ಕಣೋ ಈಗ!" ಅಂದೆ.

"ನಿನ್ನ ಮುಖಕ್ಕಿಷ್ಟು! ಇದನ್ನ ಹೇಳೋಕೆ ಫೋನ್ ಮಾಡಿದ್ಯಾ?" ಅಂತ ಬೈದು, ಆಮೇಲೆ ಬಿದ್ದು ಬಿದ್ದು ನಕ್ಕ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವನಿಗೆ ಎದೆ ಧಸಕ್ಕೆಂದಿತು. ಕೆಂಪು. ಸುಮ್ಮನೆ ಬಣ್ಣ ತಿರುಗಿದ್ದಲ್ಲ, ಕಣ್ಣಿಗೆ ರಾಚುವ ಕೆಂಪು. ಗೋಡೆ ಹಿಡಿದು ನಿಂತೆ. ಒಳಗೆ ಏನೋ ಕಿತ್ತು ಬಂದಿದೆ, ಮತ್ತೆ ಆ ಮೇಜಿನ ಮೇಲೆ ಮಲಗಿಸುತ್ತಾರೆ, ಮತ್ತೆ ಆ ಟ್ಯೂಬು, ಈ ಸಲ ಎದ್ದು ಬರುತ್ತೇನೋ ಇಲ್ಲವೋ. ಅಷ್ಟೂ ಒಂದೇ ಉಸಿರಿನಲ್ಲಿ ತಲೆಗೆ ಬಂತು. ನೀರು ಸುರಿದು ತೊಳೆದೆ. ಮುಖ ಒರೆಸಿಕೊಂಡು ಹೊರಗೆ ಬಂದೆ.

ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿ, "ಸರಿಯಾಗಿ ಆಯ್ತೇನ್ರೀ?" ಅಂದಳು.

"ಫಸ್ಟ್ ಕ್ಲಾಸ್" ಅಂದೆ.

ಆಗಲೇ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳಿದರೆ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ ಅನ್ನುವುದೊಂದೇ ಭಯ. ಆ ಭಯದಲ್ಲಿ ನನಗೆ ಹೊಳೆದ ಉಪಾಯವೋ, ದೂರದ ರೂಟಿನ ಡ್ರೈವರಿಗೆ ಮಾತ್ರ ಹೊಳೆಯುವಂಥದ್ದು. ನಮ್ಮ ಕಥೆಯೇ ಬೇರೆ. ಬಸ್ಸು ತುಂಬಾ ಜನ ಇಟ್ಟುಕೊಂಡು ಡ್ರೈವರು ಗಳಿಗೆಗೊಮ್ಮೆ ಗಾಡಿ ನಿಲ್ಲಿಸಿ ಪೊದೆ ಹುಡುಕಿಕೊಂಡು ಹೋಗುವಂತಿಲ್ಲ. ಹಾಗಾಗಿ ಡ್ಯೂಟಿಗೆ ಮುಂಚೆ ನಾವು ಬಾಯಿ ಒದ್ದೆ ಮಾಡಿಕೊಳ್ಳುವುದಷ್ಟೇ, ನೀರು ಕುಡಿಯುವುದಿಲ್ಲ. ಹೊಸಬರಿಗೆ ರೂಟು ಕಲಿಸುವ ಮೊದಲು ಇದನ್ನು ಕಲಿಸುತ್ತೇವೆ. ನೀರು ಇಳಿಯದಿದ್ದರೆ ಕೆಳಗೂ ಏನೂ ಹೋಗುವುದಿಲ್ಲ. ಹೋಗದಿದ್ದರೆ ಒಳಗಿನ ಗಾಯ ತನ್ನ ಪಾಡಿಗೆ ತಾನು ಮಾಯುತ್ತದೆ. ಲೆಕ್ಕ ಸರಿಯಾಗೇ ಇದೆ ಅಂದುಕೊಂಡೆ, ಬೆಪ್ಪುತಕ್ಕಡಿ.

ಅವಳು ಜಗ್ಗು ತುಂಬಿಸಿ ಇಡುತ್ತಿದ್ದಳು, ನಾನು ಅವಳ ಕಣ್ಣು ತಪ್ಪಿಸಿ ಬಚ್ಚಲಿಗೆ ಚೆಲ್ಲುತ್ತಿದ್ದೆ. ಖಾಲಿ ಜಗ್ಗು ನೋಡಿ ಅವಳಿಗೆ ಸಂತೋಷವೋ ಸಂತೋಷ. "ಪರವಾಗಿಲ್ವೇ, ಈ ಸಲ ಮಾತು ಕೇಳ್ತಿದ್ದೀರಿ" ಅನ್ನುವಳು. ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ಹೋಗುವುದು ಕಡಿಮೆಯೇನೋ ಆಯಿತು. ಬಣ್ಣ ಮಾತ್ರ ಇನ್ನೂ ಗಾಢವಾಗುತ್ತ ಹೋಯಿತು. ಪ್ರತಿ ಸಲವೂ ಒಳಗೆ ಹೋಗುವ ಮೊದಲು ಬಾಗಿಲ ಹತ್ತಿರ ನಿಂತು, ಇನ್ನೊಂದು ಸ್ವಲ್ಪ ತಡೆದು ನೋಡೋಣ ಅಂತ ವಾಪಸು ಬಂದು ಕೂರುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸೀಟಿ ನನ್ನನ್ನು ನೋಡಲು ಬಂದ. ಟೀ ಬಂತು, ಡಿಪೋದ ಸುದ್ದಿ ಬಂತು, ಹೊಸ ಮ್ಯಾನೇಜರನ ನಡಿಗೆ ಹೇಗಿದೆ ಅಂತ ಎದ್ದು ನಡೆದೂ ತೋರಿಸಿದ. ನನಗೆ ಅವಸರವಾಗಿತ್ತು. ಒಳಗೆ ಹೋದೆ. ಬರಲಿಲ್ಲ. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿಕೊಂಡೆ. ಬರಲಿಲ್ಲ. ಮುಕ್ಕಿರಿದೆ. ಒಂದು ಹನಿ ಬಿತ್ತು, ಕಪ್ಪುಗೆಂಪು, ಮತ್ತೆ ನಿಂತಿತು. ಹೊಟ್ಟೆಯ ಕೆಳಗೆ ಕೈ ಇಟ್ಟರೆ ಕಲ್ಲಿನ ಹಾಗೆ ಗಟ್ಟಿ. ಬೆವರು ಕಿತ್ತುಕೊಂಡು ಬಂತು. ಸತ್ತೆ ಅಂದುಕೊಂಡೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಹಾಗೇ ಅಂದುಕೊಂಡೆ.

ಹೊರಗೆ ಬಂದು ಕುರ್ಚಿಯ ತುದಿಯಲ್ಲಿ ಕೂತೆ. ನಗಲು ನೋಡಿದೆ.

"ಏನೋ ಇದು, ಮುಖ ಸುಣ್ಣದ ಗೋಡೆ ಆಗಿದೆ?" ಅಂದ ಸೀಟಿ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಎದ್ದು ಬಚ್ಚಲಿಗೆ ಹೋದಳು. ಅವಸರದಲ್ಲಿ ನಾನು ತೊಳೆದಿರಲಿಲ್ಲ. ಬಿಳಿ ಟೈಲ್ಸಿನ ಮೇಲೆ ಆ ಹನಿ ಹಾಗೇ ಇತ್ತು. ಅವಳು ಕಿರುಚಲಿಲ್ಲ. ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಯಾವಾಗಿಂದ?" ಅಂದಳು.

ಹೇಳಿದೆ. ಜಗ್ಗಿನ ವಿಷಯವನ್ನೂ ಹೇಳಿದೆ. ಅವಳು ನನ್ನ ಅಂಗಿ ತಂದು ಕೊಟ್ಟಳು. ಗುಂಡಿಯನ್ನೂ ತಾನೇ ಹಾಕಿದಳು.

ಆಟೋದಲ್ಲಿ ಪ್ರತಿ ಹಂಪ್ಸಿಗೂ ಜೀವ ಬಾಯಿಗೆ ಬರುತ್ತಿತ್ತು. ಮುಂದೆ ಆಟೋದವನ ಪಕ್ಕ ಕೂತಿದ್ದ ಸೀಟಿ ತಿರುಗಿ ತಿರುಗಿ ಬೈಯುತ್ತಿದ್ದ. "ಅಲ್ಲಯ್ಯಾ, ರೇಡಿಯೇಟರ್ ಸೋರಿದ್ರೆ ಏನ್ ಮಾಡ್ತೀಯ? ನೀರು ಹಾಕ್ಕೊಂಡು ಹಾಕ್ಕೊಂಡು ಡಿಪೋ ಮುಟ್ಟಿಸ್ತೀಯಾ, ಇಲ್ಲಾ ನೀರು ನಿಲ್ಲಿಸಿ ಇಂಜಿನ್ ಸುಡ್ತೀಯಾ?" ಬೈಯುತ್ತಿದ್ದವನ ದನಿಯೂ ನಡುಗುತ್ತಿತ್ತು. ಅದನ್ನು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಮತ್ತೆ ಅದೇ ಟ್ಯೂಬು. ಅದರಿಂದ ನೀರು ಹಾಯಿಸಿ, ಸಿರಿಂಜಿನಲ್ಲಿ ಎಳೆದು, ಒಳಗೆ ಹೆಪ್ಪುಗಟ್ಟಿದ್ದನ್ನೆಲ್ಲ ತೆಗೆದರು. ನನ್ನ ಕೂಗು ಕಾರಿಡಾರಿಗೂ ಕೇಳಿಸಿತಂತೆ. ಆಮೇಲೆ ಡಾಕ್ಟರು ಮಂಗಳಾರತಿ ಎತ್ತಿದರು. ಗಾಯದ ಹೊಪ್ಪಳೆ ಉದುರುವಾಗ ರಕ್ತ ಹೋಗುವುದು ಇದ್ದದ್ದೇ, ನೀರು ಕುಡಿದಿದ್ದರೆ ತಾನಾಗೇ ತೊಳೆದು ಹೋಗುತ್ತಿತ್ತು, ಕುಡಿಯದೆ ಹೆಪ್ಪುಗಟ್ಟಿ ದಾರಿ ಮುಚ್ಚಿತು ಅಂದರು. "ಟ್ಯೂಬು ತೆಗೆದ ಮೇಲೆ ನೀವಾಗಿ ಹೋಗ್ಬೇಕು. ಮತ್ತೆ ಕಟ್ಟಿಕೊಂಡ್ರೆ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗಿ ಒಳಗೆ ನೋಡ್ಲೇಬೇಕಾಗುತ್ತೆ."

ಟ್ಯೂಬು ತೆಗೆದ ದಿನ ಸಿಸ್ಟರು ಒಂದು ಪ್ಲಾಸ್ಟಿಕ್ ಪಾತ್ರೆ ಕೈಗೆ ಕೊಟ್ಟು, "ಇದರಲ್ಲೇ ಹೋಗಿ, ತಂದು ತೋರಿಸ್ಬೇಕು" ಅಂದರು. ಕುಡಿದೆ, ಕುಡಿದೆ, ಹೊಟ್ಟೆ ಕುಲುಕುವಷ್ಟು ಕುಡಿದೆ. ವಾರ್ಡಿನ ಪಾಯಿಖಾನೆಗೆ ಹೋಗಿ ಚಿಲಕ ಹಾಕದೆ ನಿಂತೆ. ಹೆಂಡತಿ ಹೊರಗೆ ನಿಂತಿದ್ದಳು. ಬಹಳ ಹೊತ್ತು ಏನೂ ಇಲ್ಲ. ಥಿಯೇಟರಿನ ದೊಡ್ಡ ದೀಪ ಕಣ್ಣ ಮುಂದೆ ಬಂತು. ಆಮೇಲೆ ಮೂತ್ರ ಉರಿಯುತ್ತ ತಡೆತಡೆದು ಬಂತು, ನಿಂತಿತು, ಮತ್ತೆ ಬಂತು. ಪಾತ್ರೆ ಭಾರವಾಯಿತು.

ಆದರೆ ಕೆಳಗೆ ನೋಡಲು ನನ್ನಿಂದ ಆಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ.

"ಇಲ್ಲಿ ಬಾರೇ" ಅಂತ ಕರೆದೆ. "ನೀನೇ ನೋಡು. ನನಗೆ ಧೈರ್ಯ ಇಲ್ಲ."

ಬಾಗಿಲು ಸರಿದ ಸದ್ದಾಯಿತು. ಅವಳು ಹತ್ತಿರ ಬಂದಳು. ತಡೆಯಲಾರದೆ, "ಹೇಳೇ" ಅಂದೆ.

"ಕೆಂಪಿದೆ" ಅಂದಳು.

ಬಿದ್ದೇ ಹೋಗುತ್ತಿದ್ದೆನೋ ಏನೋ, ಅವಳು ರಟ್ಟೆ ಹಿಡಿದುಕೊಂಡಳು. "ತೆಳ್ಳಗೆ ಇದೆ. ಹೆಪ್ಪುಗಟ್ಟಿದ್ದೇನಿಲ್ಲ. ಆದ್ರೂ ಕೆಂಪಿದೆ."

"ಇಲ್ಲ ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದೆ. ಅಳು ಬಂದುಬಿಟ್ಟಿತ್ತು.

"ನಮ್ಮನೇಲಿ ಒಬ್ಬರು ಸುಳ್ಳು ಹೇಳಿದ್ದು ಸಾಕು" ಅಂದಳು. ಆಗ ಕಣ್ಣು ಬಿಟ್ಟೆ. ಪಾತ್ರೆಯನ್ನಲ್ಲ, ಅವಳ ಮುಖ ನೋಡಿದೆ. ತುಟಿ ಬಿಳಿಚಿಕೊಂಡಿತ್ತು. "ನಂಗೂ ಹೆದರಿಕೆ ಆಗ್ತಿದೆ ಕಣ್ರೀ. ಆವತ್ತಿಂದ ಆಗ್ತಾನೇ ಇದೆ. ನಡೀರಿ, ಸಿಸ್ಟರಿಗೆ ತೋರಿಸೋಣ."

ಪಾತ್ರೆ ನನ್ನ ಕೈಯಲ್ಲಿ ತುಳುಕುತ್ತಿತ್ತು. ಅವಳೂ ಒಂದು ಕೈ ಕೊಟ್ಟಳು, ಆದರೂ ತುಳುಕುವುದು ನಿಲ್ಲಲಿಲ್ಲ. ಹಾಗೇ ಇಬ್ಬರೂ ಹಿಡಿದುಕೊಂಡು ಕಾರಿಡಾರಿನಲ್ಲಿ ಸಿಸ್ಟರ ಮೇಜಿನ ಕಡೆಗೆ ನಡೆದೆವು.